ಕಡಲಿಗೆ ಮಾತ್ರ ರಜೆ

ಮಗಳು ಮತ್ತೆ ತನ್ನ ಹತ್ತಿರ ಬರತೊಡಗಿದ್ದಾಳೆ ಎಂದು ಆ ಮಳೆಗಾಲದ ಸುರುವಿಗೆ ಕುಶಲಾ ಖುಷಿಪಟ್ಟಿದ್ದಳು. ಹನ್ನೊಂದು ತುಂಬಿದ ಮೋಕ್ಷಾ ಕೆಲವು ವರ್ಷಗಳಿಂದ ತನ್ನ ಜಡೆ ತಾನೇ ಹಾಕಿಕೊಳ್ಳುತ್ತಿದ್ದವಳು. ಅಮ್ಮ ಮುಟ್ಟಿದರೆ ಸೊಟ್ಟಗಾಯಿತು, ಸಡಿಲವಾಯಿತು ಎಂದು ಕೊಸರಿಕೊಳ್ಳುತ್ತಿದ್ದವಳು. ಈಗ ಬೆಳಿಗ್ಗೆ ಬಾಚಣಿಗೆಯನ್ನೂ ಕಪ್ಪು ರಿಬ್ಬನ್ನನ್ನೂ ಹಿಡಿದುಕೊಂಡು ಅಡುಗೆಮನೆಗೆ ಬಂದು, ಏನೂ ಹೇಳದೆ, ಬೆನ್ನು ತಿರುಗಿಸಿ ಮಣೆಯ ಮೇಲೆ ಕೂರುತ್ತಿದ್ದಳು. ಕುಶಲಾ ಕಾವಲಿಯ ಕೆಳಗಿನ ಉರಿ ಸಣ್ಣ ಮಾಡಿ ಸಿಕ್ಕು ಬಿಡಿಸುತ್ತಿದ್ದಳು. ಇಬ್ಬರಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಆ ಮೌನವನ್ನು ಅವಳು ಪ್ರೀತಿ ಎಂದುಕೊಂಡಿದ್ದಳು.

ಅದು ನೋವು ಎಂದು ಗೊತ್ತಾದದ್ದು ಮಣಿಪಾಲದ ಡಾಕ್ಟರ ಕೋಣೆಯಲ್ಲಿ.

ಅವತ್ತು ಮೋಕ್ಷಾ ಮೊಳೆಯಲ್ಲಿ ತೂಗುಹಾಕಿದ್ದ ಕೊಡೆಯನ್ನು ಎಡಗೈ ಚಾಚಿ, ತುದಿಗಾಲಲ್ಲಿ ನಿಂತು ತೆಗೆದದ್ದನ್ನು ಕುಶಲಾ ನೋಡಿದ್ದಳು. ಬಲಗೈಗೆ ಎಂತ ಆಯಿತು ಎಂದು ಕೇಳಿದರೆ ಎಂತ ಇಲ್ಲ ಎಂದಳು. ಭುಜವನ್ನು ಮೆಲ್ಲನೆ ಒತ್ತಿದಾಗ ಹುಡುಗಿಯ ಕಣ್ಣು ತುಂಬಿತು, ಬಾಯಿ ಮಾತ್ರ ತೆರೆಯಲಿಲ್ಲ. ಗಂಡ ಕರುಣಾಕರ ಮಲ್ಪೆಗೆ ಹೋಗಿದ್ದ, ದಡಕ್ಕೆ ಎಳೆದ ತನ್ನ ಮೀನಿನ ಬೋಟಿಗೆ ಬಣ್ಣ ಹೊಡೆಸಲಿಕ್ಕೆ. ಅವನಿಗೆ ಫೋನು ಮಾಡದೆ ಕುಶಲಾ ಮಗಳನ್ನು ಕರೆದುಕೊಂಡು ಕಾಪುವಿನಲ್ಲಿ ಬಸ್ಸು ಹತ್ತಿದ್ದಳು.

ಡಾಕ್ಟರು ಪ್ರೆಸಿಲ್ಲಾ ಎಕ್ಸ್‌ರೇ ನೋಡುವ ಮೊದಲು ನೋವುಂಟಾ ಎಂದು ಕೇಳಿದರು. ಮೋಕ್ಷಾ ಇಲ್ಲ ಎಂದಳು. ಟೆನಿಸ್ ಆಡುವಾಗ, ಸರ್ವ್ ಮಾಡುವಾಗ? ಇಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟು ಹುಡುಗಿಯ ತಲೆ ನೋಡಿದರು.

"ಜಡೆ ಚೆಂದ ಉಂಟು. ಯಾರು ಹಾಕಿದ್ದು?"

ಮೋಕ್ಷಾ ಅಮ್ಮನ ಮುಖ ನೋಡಲಿಲ್ಲ. ನೆಲ ನೋಡಿದಳು. ಕೈ ಎತ್ತಲಾಗದೆ ಮಗಳು ತನ್ನ ಹತ್ತಿರ ಬರುತ್ತಿದ್ದಳು ಎಂದು ಕುಶಲಾಳಿಗೆ ಆಗ ಹೊಳೆಯಿತು. ಇಷ್ಟು ದಿನ ತನ್ನ ಕೈಬೆರಳುಗಳ ನಡುವೆಯೇ ಇದ್ದದ್ದು ತನಗೆ ಕಾಣಲಿಲ್ಲವಲ್ಲ ಎಂದು ಮೊದಲು ತನ್ನ ಮೇಲೆಯೇ ಸಿಟ್ಟು ಬಂತು. ಆಮೇಲಿನ ಸಿಟ್ಟು ಬೇರೆಯದು.

ತೋಳಿನ ಎಲುಬು ಬೆಳೆಯುವುದು ತುದಿಯಲ್ಲಿ, ಅಲ್ಲಿ ಇನ್ನೂ ಮೆತ್ತಗಿದೆ, ಅದೇ ಜಾಗವನ್ನು ದಿನಾ ಎಳೆದೆಳೆದು ಬಿರುಕು ಅಗಲವಾಗುತ್ತಿದೆ ಎಂದು ಡಾಕ್ಟರು ಚಿತ್ರ ಬಿಡಿಸಿ ತೋರಿಸಿದರು. ಮೂರು ತಿಂಗಳು ಟೆನಿಸ್ ಬೇಡ. ಓಡಲಿ, ಗೆಳತಿಯರ ಜೊತೆ ಬೇರೆ ಆಟ ಆಡಲಿ. ಈಗ ನಿಲ್ಲಿಸಿದರೆ ದೊಡ್ಡವಳಾದ ಮೇಲೂ ಆಡುತ್ತಾಳೆ. ನಿಲ್ಲಿಸದಿದ್ದರೆ ಆ ಕೈ ಸರಿಯಾಗಿ ಬೆಳೆಯುತ್ತದೆ ಎಂಬ ಭರವಸೆ ತಾನು ಕೊಡುವುದಿಲ್ಲ ಎಂದರು.

ವರ್ಷದ ಉಳಿದ ತಿಂಗಳುಗಳಲ್ಲಿ ಕರುಣಾಕರನಿಗೆ ಮಗಳ ಆಟ ನೋಡಲು ಪುರುಸೊತ್ತು ಇರಲಿಲ್ಲ. ಅವನು ಕಡಲಿನಲ್ಲಿ, ಇಲ್ಲವೇ ಮಲ್ಪೆಯಲ್ಲಿ ಬೋಟುಗಳು ನಿಲ್ಲುವ ದಕ್ಕೆಯಲ್ಲಿ. ಮೋಕ್ಷಾ ವಾರಕ್ಕೆ ಮೂರು ಸಂಜೆ ಗೆಳತಿ ಹರ್ಷಿಣಿಯ ಜೊತೆ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿ ಆಡಿ, ದಾರಿಯಲ್ಲಿ ಏನಾದರೂ ತಿಂದು, ನಗಾಡಿಕೊಂಡು ಬರುತ್ತಿದ್ದಳು. ಚೆನ್ನಾಗಿಯೇ ಆಡುತ್ತಿದ್ದಳು. ಜೂನ್ ಬಂತು. ಮೀನು ಮೊಟ್ಟೆಯಿಟ್ಟು ಮರಿ ಮಾಡುವ ಕಾಲ ಎಂದು ಸರಕಾರ ಎರಡು ತಿಂಗಳು ಬೋಟುಗಳನ್ನು ನಿಲ್ಲಿಸುತ್ತದಲ್ಲ, ಆ ರಜೆಯಲ್ಲಿ ಕರುಣಾಕರನಿಗೆ ಮಗಳು ಕಣ್ಣಿಗೆ ಬಿದ್ದಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕಾರಿನಲ್ಲಿ ಮಣಿಪಾಲ. ಮಳೆಯಾದ್ದರಿಂದ ತಗಡಿನ ಮಾಡಿನ ಒಳಗೆ ಸಿಮೆಂಟು ನೆಲದ ಮೇಲೆ ಆಟ. ನಿಂತಲ್ಲೇ ನಿಂತು ಸರ್ವ್, ಸರ್ವ್, ಸರ್ವ್. ಕೋಚ್ ರಿತೇಶನಿಗೆ ಇಂಥ ಅಪ್ಪ ಸಿಕ್ಕಿದ್ದು ಹಬ್ಬ. ಕಾರ್ಕಳದ ಟೂರ್ನಮೆಂಟಿಗೆ ಹನ್ನೆರಡರ ಕೆಳಗಿನವರಲ್ಲೂ ಹದಿನಾಲ್ಕರ ಕೆಳಗಿನವರಲ್ಲೂ ಅವಳ ಹೆಸರು ಕೊಟ್ಟ.

ಡಾಕ್ಟರು ಹೇಳಿದ್ದನ್ನು ಕುಶಲಾ ಮನೆಯಲ್ಲಿ ಹೇಳುವ ಹೊತ್ತಿಗೆ ಕರುಣಾಕರ ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದ. ಯಾವುದೋ ಬೋಟು ರಜೆಯಲ್ಲೇ ಕಳ್ಳತನದಿಂದ ಕಡಲಿಗಿಳಿದು ಬೆರಳುದ್ದದ ಮರಿಮೀನು ಬಾಚಿಕೊಂಡು ಬಂದಿತ್ತಂತೆ. ಅಂಥವನ ಬಲೆಗೆ ದಕ್ಕೆಯಲ್ಲೇ ಬೆಂಕಿ ಕೊಡಬೇಕು, ನಾಳೆ ಹಿಡಿಯಲಿಕ್ಕೆ ಎಂತ ಉಳಿಯುತ್ತದೆ ಎಂದು ಅವನು ಕೂಗುತ್ತಿದ್ದ. ಫೋನು ಇಟ್ಟು, ಅದೇ ಬಿಸಿಯಲ್ಲಿ ಹೆಂಡತಿಯ ಮಾತು ಕೇಳಿದ. ಡಾಕ್ಟರುಗಳಿಗೆ ರೆಸ್ಟ್ ಬಿಟ್ಟರೆ ಬೇರೆ ಮದ್ದು ಗೊತ್ತಿಲ್ಲ ಎಂದ. ತಾನು ಇವಳ ಪ್ರಾಯದಲ್ಲಿ ಅಪ್ಪನ ದೋಣಿ ಹತ್ತಿದವನು, ತನ್ನ ಭುಜ ಮುರಿಯಿತಾ ಎಂದು ಕೇಳಿದ. ಕಾರ್ಕಳದ ಟೂರ್ನಮೆಂಟ್ ಒಂದು ಮುಗಿಯಲಿ, ಆಗಸ್ಟಿನಲ್ಲಿ ಬೋಟು ನೀರಿಗಿಳಿದರೆ ಅವಳಿಗೆ ತನ್ನಿಂದ ತಾನೇ ರೆಸ್ಟ್ ಸಿಗುತ್ತದೆ ಎಂದ.

ಆ ದೋಣಿಗೂ ಮಳೆಗಾಲದಲ್ಲಿ ರಜೆ ಇತ್ತಲ್ಲ ಎಂಬ ಮಾತು ಕುಶಲಾಳ ಗಂಟಲಿಗೆ ಬಂತು. ಹೇಳಲಿಲ್ಲ. ಬಾಗಿಲ ಸಂದಿಯಲ್ಲಿ ಮೋಕ್ಷಾ ನಿಂತಿದ್ದಳು. ತಾನು ಸುಮ್ಮನಾದದ್ದನ್ನು ಗಂಡ ಒಪ್ಪಿಗೆ ಎಂದುಕೊಂಡ. ಅದು ಗೊತ್ತಾಗಿ ಅವಳ ಸಿಟ್ಟು ಬೂದಿಯೊಳಗಿನ ಕೆಂಡದ ಹಾಗೆ ಕಾರ್ಕಳದ ದಿನದವರೆಗೂ ಆರಲಿಲ್ಲ.

ಆ ದಿನ ಮಣಿಪಾಲದಲ್ಲಿ ರಿತೇಶನನ್ನು ಹತ್ತಿಸಿಕೊಂಡು ಹಿರಿಯಡ್ಕದ ದಾರಿಯಾಗಿ ಹೋದರು. ಮುಂದಿನ ಸೀಟಿನಲ್ಲಿ ಕೂತು ರಿತೇಶ ತಮಾಷೆ ಮಾಡಿದ, ಅಮ್ಮಂದಿರು ಬಂದರೆ ಟಿಫಿನ್ ಒಳ್ಳೆಯದಿರುತ್ತದೆ, ಆಟ ಮಾತ್ರ ಕೆಡುತ್ತದೆ ಎಂದು. ಕರುಣಾಕರ ನಕ್ಕ. ಬೆಳಿಗ್ಗೆ ಇಬ್ಬರೂ ಸೇರಿ ಮಾತ್ರೆ ನುಂಗಿಸಿ, ಭುಜಕ್ಕೆ ಸ್ಪ್ರೇ ಹೊಡೆದು ಆಡಿಸಿದರು. ಹನ್ನೆರಡರ ಕೆಳಗಿನವರ ಫೈನಲನ್ನು ಮೋಕ್ಷಾ ಗೆದ್ದಳು. ಗೆದ್ದವಳು ಎದುರಾಳಿಗೆ ಎಡಗೈ ಕೊಟ್ಟದ್ದನ್ನು ಕುಶಲಾ ಒಬ್ಬಳೇ ನೋಡಿದಳೋ ಏನೋ.

ಮಧ್ಯಾಹ್ನದ ನಂತರ ದೊಡ್ಡ ಮಕ್ಕಳ ಸೆಮಿಫೈನಲ್. ಅಷ್ಟರಲ್ಲಿ ಬೆಳಿಗ್ಗೆಯ ಮಾತ್ರೆಯ ಬಲ ಇಳಿದಿತ್ತು. ತಗಡಿನ ಮೇಲೆ ಮಳೆ ಸುರಿದು ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಜಡೆ ಬಿಚ್ಚಿಹೋಗಿದ್ದ ಮೋಕ್ಷಾ ರಿಬ್ಬನ್ ಹಿಡಿದುಕೊಂಡು ಬಂದಳು, ಅಡುಗೆಮನೆಯಲ್ಲಿ ಕೂರುವ ಹಾಗೆಯೇ ಬೆನ್ನು ತಿರುಗಿಸಿ ಬೆಂಚಿನ ಮೇಲೆ ಕೂತಳು. ಕುಶಲಾ ಕೈ ಕಟ್ಟಿ ಕೂತೇ ಇದ್ದಳು.

"ಬೇಗ ಹಾಕು ಮಾರಾಯ್ತಿ, ಹೆಸರು ಕರೆಯುತ್ತಾರೆ," ಎಂದ ಕರುಣಾಕರ.

"ಅವಳಿಗೆ ಜಡೆ ಹಾಕಲಿಕ್ಕೆ ಗೊತ್ತುಂಟು. ನೀವು ಇಲ್ಲಿಯೇ ನಿಂತು ನೋಡಿ."

ಮೋಕ್ಷಾ ತಿರುಗಿ ಅಮ್ಮನನ್ನು ನೋಡಿದಳು. ಆ ನೋಟ ಕುಶಲಾಳ ಎದೆಗೆ ನಾಟಿತು. ಆದರೂ ಅವಳು ಕೈ ಚಾಚಲಿಲ್ಲ. ಹುಡುಗಿ ಎಡಗೈಯಿಂದ ಕೂದಲು ಒಟ್ಟುಮಾಡಿದಳು. ಬಲಗೈ ಎತ್ತಿದಳು. ಅದು ಭುಜದ ಮಟ್ಟಕ್ಕೆ ಬಂದು ನಿಂತಿತು. ಇನ್ನೊಮ್ಮೆ ಎತ್ತಿದಳು, ಅಲ್ಲಿಯೇ ನಿಂತಿತು. ಕೈ ತಲೆಯವರೆಗೆ ಬಾರದ್ದರಿಂದ ಅವಳು ತಲೆಯನ್ನೇ ಕೈಯವರೆಗೆ ಬಗ್ಗಿಸಿದಳು, ನಲ್ಲಿಗೆ ಬಾಯಿ ಕೊಡುವವರ ಹಾಗೆ. ತುಟಿಯ ಬಣ್ಣ ಹೋಗಿತ್ತು.

ಸ್ಪ್ರೇ ಹೊಡೆದರೆ ಸರಿಯಾಗುತ್ತದೆ, ಇನ್ನು ಒಂದೇ ಮ್ಯಾಚ್, ಇಲ್ಲಿ ಡ್ರಾಮಾ ಬೇಡ ಎಂದು ರಿತೇಶ ಅವಸರ ಮಾಡಿದ. ಕರುಣಾಕರ ಮಗಳ ಕೈಯಿಂದ ರಿಬ್ಬನ್ ತೆಗೆದುಕೊಂಡ. ಕಣ್ಣು ಮುಚ್ಚಿ ಬಲೆ ಹೆಣೆಯಬಲ್ಲ ಬೆರಳುಗಳು. ಕೂದಲನ್ನು ಒಟ್ಟುಸೇರಿಸಿ, ಸುತ್ತಿ, ಬಿಗಿದು ಗಂಟು ಹಾಕಿದ. ಕುಶಲಾ ಆ ಬೆರಳುಗಳನ್ನೇ ನೋಡುತ್ತಿದ್ದಳು. ಇಷ್ಟು ಕಂಡ ಮೇಲೂ ಕಟ್ಟುತ್ತಾನಲ್ಲ.

"ಮರಿಮೀನು ಹಿಡಿದವನ ಬಲೆ ಸುಡಬೇಕು ಎಂದದ್ದು ನೀವೇ ಅಲ್ವಾ?" ಎಂದಳು. ದನಿ ಏರಿಸಲಿಲ್ಲ. ಮಳೆಯ ಸದ್ದಿನಲ್ಲಿ ಅವನು ಬಗ್ಗಿ ಕೇಳಬೇಕಾಯಿತು. "ಕಡಲಿಗೆ ಎರಡು ತಿಂಗಳು ರಜೆ ಕೊಟ್ಟಿರಿ. ಆ ಎರಡು ತಿಂಗಳು ಬಲೆ ತಂದು ಮನೆಯೊಳಗೆ ಬಿಟ್ಟಿರಿ."

ಕರುಣಾಕರ ಸುತ್ತ ನೋಡಿದ. ಜನ ನೋಡುತ್ತಿದ್ದರು. "ಹೋಗು ಮಗಾ," ಎಂದ.

ಮೋಕ್ಷಾ ಏಳಲಿಲ್ಲ.

ಮೈಕಿನಲ್ಲಿ ಅವಳ ಹೆಸರು ಕರೆದರು. ಎದುರಾಳಿ ಹುಡುಗಿ ಅತ್ತ ಬದಿಯಲ್ಲಿ ಚೆಂಡು ಪುಟಿಸುತ್ತಿದ್ದಳು. ಮತ್ತೊಮ್ಮೆ ಕರೆದರು. ಇಷ್ಟು ದಿನ ನೋವಿಲ್ಲ ಎಂದು ಬಾಯಿ ಮುಚ್ಚಿಕೊಂಡಿದ್ದವಳು ಈಗಲೂ ಬಾಯಿ ಬಿಡಲಿಲ್ಲ. ಮಡಿಲಲ್ಲಿ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, ಅಪ್ಪ ಹಾಕಿದ ಗಂಟು ಹೊತ್ತುಕೊಂಡು ಕೂತೇ ಇದ್ದಳು. ರಿತೇಶ ರಾಕೆಟನ್ನು ಅವಳ ಮುಂದೆ ಹಿಡಿದು, ಎದ್ದು ಹೋಗಿ ನಿಂತರೆ ಸಾಕು, ಉಳಿದದ್ದು ಆಮೇಲೆ ನೋಡುವ ಎಂದು ಅವಳ ತೋಳಿಗೆ ಕೈಹಾಕಿದ. ಬಲತೋಳಿಗೆ. ಹುಡುಗಿಯ ಮೈ ಇಡೀ ಅದುರಿತು.

"ಮುಟ್ಟಬೇಡ ಅವಳನ್ನು," ಎಂದ ಕರುಣಾಕರ.

ರಾಕೆಟನ್ನು ಕೋಚಿನ ಕೈಯಿಂದ ಕಿತ್ತುಕೊಂಡು ಚೀಲಕ್ಕೆ ತುರುಕಿ, ಯಾರ ಮುಖವನ್ನೂ ನೋಡದೆ ಮಳೆಯಲ್ಲೇ ಕಾರಿನತ್ತ ನಡೆದ. ಈ ಹುಡುಗಿಯ ಭವಿಷ್ಯ ಇಲ್ಲಿಗೆ ಮುಗಿಯಿತು ಎಂದು ರಿತೇಶ ಹಿಂದಿನಿಂದ ಹೇಳಿದ. ಕುಶಲಾ ತಿರುಗಿ ಅವನನ್ನು ಒಮ್ಮೆ ನೋಡಿದಳು. ಅವನನ್ನು ಅಲ್ಲಿಯೇ ಬಿಟ್ಟು, ಮಗಳ ಎಡಗೈ ಹಿಡಿದು ಕಾರಿನತ್ತ ನಡೆದಳು.

ವಾಪಸು ಬರುವಾಗ ಬೆಳ್ಮಣ್ಣಿನ ದಾರಿ ಹಿಡಿದರು. ಅಮ್ಮ ಮಗಳು ಹಿಂದಿನ ಸೀಟಿನಲ್ಲಿ ಕೂತಿದ್ದರು. ವೈಪರ್ ಒಂದೇ ಸಮನೆ ನೀರು ತಳ್ಳುತ್ತಿತ್ತು. ಶಿರ್ವ ಹತ್ತಿರವಾಗುವಾಗ ಕರುಣಾಕರ ಕನ್ನಡಿಯಲ್ಲಿ ಹೆಂಡತಿಯ ಕಡೆ ನೋಡಿ, ಡಾಕ್ಟರು ಮತ್ತೆ ಯಾವಾಗ ಬರಲಿಕ್ಕೆ ಹೇಳಿದ್ದಾರೆ ಎಂದು ಕೇಳಿದ.

ಕುಶಲಾಳ ಸಿಟ್ಟು ಇಳಿದಿರಲಿಲ್ಲ. ಇಷ್ಟು ಬೇಗ ಇಳಿಸುವ ಮನಸ್ಸೂ ಅವಳಿಗಿರಲಿಲ್ಲ.

"ನನ್ನನ್ನು ಕೇಳಬೇಡಿ. ಭುಜ ನನ್ನದಲ್ಲ."

ಎದುರಿನಿಂದ ಬಸ್ಸೊಂದು ಕೆಸರು ಹಾರಿಸಿಕೊಂಡು ಹೋಯಿತು. ಗಾಜು ತಿಳಿಯಾಗುವವರೆಗೆ ಕಾದು, ಕರುಣಾಕರ ಮಗಳು ಕಾಣುವ ಹಾಗೆ ಕನ್ನಡಿಯನ್ನು ಸ್ವಲ್ಪ ತಿರುಗಿಸಿಕೊಂಡ.

"ಮಗಾ, ನೋವುಂಟಾ?"

ಮೋಕ್ಷಾ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು.

"ಉಂಟು," ಎಂದಳು.

ಅವಳು ಮೆಲ್ಲನೆ ಅಮ್ಮನ ಕಡೆ ಬೆನ್ನು ತಿರುಗಿಸಿದಳು. ಕುಶಲಾ ರಿಬ್ಬನ್ನಿಗೆ ಕೈಹಾಕಿದಳು. ಬಲೆಗೆ ಹಾಕುವ ಗಂಟು, ಬೆರಳಿಗೆ ಬಗ್ಗುವಂಥದ್ದಲ್ಲ. ಅವಳು ಹಲ್ಲು ಹಚ್ಚಿ, ಕೂದಲು ಎಳೆಯದ ಹಾಗೆ, ಕಾಪು ಬರುವವರೆಗೂ ಅದನ್ನು ಬಿಚ್ಚುತ್ತಲೇ ಇದ್ದಳು.