ಸುಣ್ಣದ ಪುಡಿ

ಪರಶುರಾಮ ಸೊಪ್ಪು ಹೆಚ್ಚುವುದನ್ನು ನೋಡಿದವರು ಅವನು ಹೆಂಡತಿಯ ಮೇಲೆ ಕೈ ಮಾಡುವವನೆಂದು ನಂಬುತ್ತಿರಲಿಲ್ಲ. ಭದ್ರಾವತಿ ಹಳೇನಗರದ ಆ ಮನೆಯಲ್ಲಿ, ದಿನಾ ಬೆಳಿಗ್ಗೆ ನುಗ್ಗೆಸೊಪ್ಪಿನ ಕಡ್ಡಿ ಬಿಡಿಸಿ, ಎಲೆಯನ್ನು ಸಾಸಿವೆಯಷ್ಟು ಸಣ್ಣಗೆ ಕತ್ತರಿಸಿ, ಮೇಲೆ ಒಂದು ಚಿಟಿಕೆ ಸಿಹಿಗುಂಬಳದ ತುರಿ ಉದುರಿಸುತ್ತಿದ್ದ. ತಿನ್ನುವವನು ನಡುಮನೆಯ ಗಾಜಿನ ಪೆಟ್ಟಿಗೆಯಲ್ಲಿ ಬಿಸಿ ದೀಪದ ಕೆಳಗೆ ಕಲ್ಲಿನ ಮೇಲೆ ಮಲಗಿರುತ್ತಿದ್ದ. ಬಿಯರ್ಡೆಡ್ ಡ್ರ್ಯಾಗನ್ ಎಂಬ ಪರದೇಶದ ಹಲ್ಲಿಯ ಗೇಣುದ್ದದ ಮರಿ, ಮರಳಿನ ಬಣ್ಣ, ಗಲ್ಲದ ಕೆಳಗೆ ಮುಳ್ಳುಗಡ್ಡ. ಪರಶುರಾಮ ಅದನ್ನು ರಾಜ ಎಂದು ಕರೆಯುತ್ತಿದ್ದ. ಬೀದಿಯವರಿಗೆ ಅದು ಓತಿಕ್ಯಾತ.

"ಓತಿಕ್ಯಾತಂಗೆ ಇಷ್ಟು ಉಪಚಾರನಾ? ಚಿಕ್ಕವನಿದ್ದಾಗ ಬೇಲಿ ಮೇಲೆ ಕಂಡ್ರೆ ಕಲ್ಲು ಹೊಡೆದು ಕರುಳು ಈಚೆ ತೆಗೀತಿದ್ದೆ ನೀನು," ಎಂದು ತಾಯಿ ಲಿಂಗಮ್ಮ ಅಡಿಕೆ ಕತ್ತರಿಸುತ್ತ ನಗುತ್ತಿದ್ದಳು.

"ಅದು ಬೇರೆ, ಇದು ಬೇರೆ ಕಣಮ್ಮ."

ಅವನಿಗೆ ಅಕ್ವೇರಿಯಂ ಅಂಗಡಿಯಿತ್ತು. ಪ್ರಾಣಿಗಳ ವಿಷಯದಲ್ಲಿ ಅವನು ಕಟ್ಟುನಿಟ್ಟು. ಮರಿಗೆ ಹಾಕುವ, ಮಿಡತೆಯಂಥ ಕ್ರಿಕೆಟ್ ಹುಳ ಅದರ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ತಿಂದು ಉಳಿದ ಹುಳವನ್ನು ಒಳಗೆ ಬಿಡಬಾರದು, ರಾತ್ರಿ ಮರಿಯನ್ನೇ ಕಚ್ಚುತ್ತವೆ. ಹುಳವನ್ನು ಬಿಳಿ ಪುಡಿಯಲ್ಲಿ ಹೊರಳಿಸಿ ಕೊಡಬೇಕು, ಇಲ್ಲದಿದ್ದರೆ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. "ಏನದು ಪುಡಿ?" ಎಂದು ಲಿಂಗಮ್ಮ ಕೇಳಿದಾಗ, "ಸುಣ್ಣ ಕಣಮ್ಮ, ಮೂಳೆಗೆ" ಎಂದಿದ್ದ. ಅಂದಿನಿಂದ ಮನೆಯಲ್ಲಿ ಆ ಡಬ್ಬಿಯ ಕ್ಯಾಲ್ಸಿಯಂಗೆ ಸುಣ್ಣದ ಪುಡಿ ಎಂದೇ ಹೆಸರು.

ಇನ್ನೊಂದು ನಿಯಮವನ್ನು ಬಂದವರಿಗೆಲ್ಲ ಹೇಳುತ್ತಿದ್ದ. "ಮೇಲಿಂದ ಕೈ ತರಬೇಡಿ. ಹದ್ದು ಎರಗ್ತು ಅಂದ್ಕೊಳ್ತಾನೆ. ಕೆಳಗಿಂದ, ಪಕ್ಕದಿಂದ, ನಿಧಾನಕ್ಕೆ ತನ್ನಿ."

ಪೆಟ್ಟಿಗೆಯ ದೀಪ ಆರಿಸಲು ಒಮ್ಮೆ ಮರೆತದ್ದಕ್ಕೆ ಅವನು ಹೆಂಡತಿ ಪುಷ್ಪಾಳ ತಲೆಯನ್ನು ಬಾಗಿಲ ಚೌಕಟ್ಟಿಗೆ ಜಜ್ಜಿದ್ದ. ಲಿಂಗಮ್ಮ ಆ ದಿನ ಗಾಯಕ್ಕೆ ಅರಿಶಿನ ಒತ್ತಿ, "ಮಳೆ ಹೊಯ್ದು ನಿಲ್ಲಲ್ವಾ, ಹಂಗೇ ಇದೂ. ಸ್ವಲ್ಪ ತಡ್ಕೋ ಮಾರಾಯ್ತಿ," ಎಂದಿದ್ದಳು. ಲಿಂಗಮ್ಮನೂ ಹಾಗೇ ತಡೆದುಕೊಂಡವಳು. ಗಂಡ ಕಾರ್ಖಾನೆಯಿಂದ ಬಂದು ಬೆಲ್ಟು ಬಿಚ್ಚುತ್ತಿದ್ದ ಕಾಲದಲ್ಲಿ ಮುರಿದ ಭುಜದ ಎಲುಬು ಸರಿಯಾಗಿ ಕೂಡಲೇ ಇಲ್ಲ. ಈಗಲೂ ಎಡಗೈಯಲ್ಲಿ ಬಿಂದಿಗೆ ಎತ್ತಲಾರಳು.

ಆ ಮಧ್ಯಾಹ್ನ ಪುಷ್ಪಾ ರೇಷನ್ ತರಲು ಹೋಗಿದ್ದಳು. ಅಂಗಡಿಯಿಂದ ಪರಶುರಾಮನ ಫೋನ್ ಬಂತು. "ರಾಜನಿಗೆ ಹುಳ ಕೊಡೋ ಹೊತ್ತಾಯ್ತು. ಸುಣ್ಣದ ಪುಡಿ ಹಾಕಿ ಕೊಡು ಅಂತ ಅವಳಿಗೆ ಹೇಳು."

ಲಿಂಗಮ್ಮ ತಾನೇ ಎದ್ದಳು. ಡಬ್ಬಿ ಖಾಲಿಯಾಗಿತ್ತು. ಬಚ್ಚಲಮನೆಯ ಗೂಡಿನಲ್ಲಿ, ಗೋಡೆಗೆ ಬಳಿದು ಉಳಿದ ಸುಣ್ಣದ ಪೊಟ್ಟಣ ಸಿಕ್ಕಿತು. ಅದೂ ಬಿಳಿ, ಅದೂ ಪುಡಿ. ಹುಳಗಳನ್ನು ಕವರಿಗೆ ಹಾಕಿ, ಪುಡಿ ಸುರಿದು ಕುಲುಕಿ, ಪೆಟ್ಟಿಗೆಗೆ ಬಿಟ್ಟಳು. ರಾಜ ಹಾರಿ ಹಾರಿ ಹಿಡಿದ.

ಪರಶುರಾಮ ಬರುವ ಹೊತ್ತಿಗೆ ಮರಿ ಬಾಯಿ ತೆರೆದು ನೆಲಕ್ಕೆ ಉಜ್ಜುತ್ತಿತ್ತು. ಗಡ್ಡ ಇದ್ದಿಲಿನಂತೆ ಕಪ್ಪಾಗಿತ್ತು. ತುಟಿಯಂಚಿನಲ್ಲಿ ಜೊಲ್ಲು ಮತ್ತು ರಕ್ತ. ಅವನು ಬಾಗಿ ಮೂಸಿದ, ಪೆಟ್ಟಿಗೆಯ ತಳದಲ್ಲಿ ಉದುರಿದ್ದ ಪುಡಿಯನ್ನು ಬೆರಳಿಗೆ ಹಚ್ಚಿ ನೋಡಿದ.

"ಯಾರು ಹುಳ ಹಾಕಿದ್ದು?"

ರೇಷನ್ ಚೀಲ ಇಳಿಸುತ್ತಿದ್ದ ಪುಷ್ಪಾ ಅತ್ತೆಯ ಕಡೆ ನೋಡಿದಳು. ಲಿಂಗಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಅವನ ಅಂಗೈ ಪುಷ್ಪಾಳ ಕಿವಿಯ ಮೇಲೆ ಬಿದ್ದಿತ್ತು. ಅವಳು ಗೋಡೆಗೆ ತಾಗಿ ಜಾರಿದಳು, ಅಕ್ಕಿ ನೆಲದ ತುಂಬ ಚೆಲ್ಲಿತು. ಅವನು ಜಡೆ ಹಿಡಿದು ಎಬ್ಬಿಸಿ ಮತ್ತೆ ಅದೇ ಕಿವಿಗೆ ಹೊಡೆದ. ಬಿದ್ದವಳ ಪಕ್ಕೆಗೆ ಒದ್ದ. ಒಂದೇಟು ತಾನೆ, ನಿಲ್ಲುತ್ತದೆ, ಎಂದುಕೊಂಡೇ ಲಿಂಗಮ್ಮ ನಿಂತಿದ್ದಳು. ನಿಲ್ಲಲಿಲ್ಲ.

"ಸುಣ್ಣ ತಿನ್ನಿಸ್ತೀಯೇನೇ? ನಿನ್ನ ಬಾಯಿಗೆ ತುರುಕ್ಲಾ?"

ಪೆಟ್ಟಿಗೆಯ ಪಕ್ಕದಲ್ಲೇ ಇದ್ದ ಪೊಟ್ಟಣ ಎತ್ತಿಕೊಂಡು, ದವಡೆ ಅದುಮಿ ಹಿಡಿದು, ನಿಜವಾಗಿಯೂ ತುರುಕಲು ಹೋದ. ಪುಷ್ಪಾ ಮುಖ ತಿರುಗಿಸಿದ್ದರಿಂದ ಅದು ಕೆನ್ನೆ, ಕತ್ತಿನ ಮೇಲೆ ಸುರಿಯಿತು. ಪೆಟ್ಟಿಗೆಯಲ್ಲಿ ಮರಿ ಇನ್ನೊಮ್ಮೆ ಬಾಯಿ ಉಜ್ಜಿದ ಸದ್ದಾಯಿತು. ಅದಕ್ಕೇ ಅವನು ಅವಳನ್ನು ಬಿಟ್ಟ.

"ಎದ್ದು ಮುಖ ತೊಳ್ಕೋ. ಏನು ಹಾಕಿದೆ ಅಂತ ಡಾಕ್ಟರಿಗೆ ನೀನೇ ಹೇಳ್ಬೇಕು."

ಓಮ್ನಿಯ ಹಿಂದಿನ ಸೀಟಿನಲ್ಲಿ ಅತ್ತೆ ಸೊಸೆ ಕೂತರು. ಟವೆಲ್ಲಿನಲ್ಲಿ ಸುತ್ತಿದ ಮರಿಯ ಡಬ್ಬ ಲಿಂಗಮ್ಮನ ತೊಡೆಯ ಮೇಲಿತ್ತು. ಗುಂಡಿ ಬಂದಲ್ಲೆಲ್ಲ ಪರಶುರಾಮ ನಿಧಾನಿಸುತ್ತಿದ್ದ, ಮರಿಗೆ ಅಲುಗಾಟ ಆಗದಿರಲೆಂದು. ಪುಷ್ಪಾಳ ಕಿವಿಯಿಂದ ಇಳಿದ ರಕ್ತ ರವಿಕೆಯ ಭುಜಕ್ಕೆ ಅಂಟಿತ್ತು. ಕತ್ತಿನಲ್ಲಿ ಕೆಂಪು ಬೊಕ್ಕೆ ಎದ್ದಿತ್ತು.

ಲಿಂಗಮ್ಮ ಪಿಸುಗುಟ್ಟಿದಳು, "ನಾನು ಹಾಕಿದ್ದು ಅಂತ ನೀನ್ಯಾಕೆ ಹೇಳ್ಲಿಲ್ಲ?"

ಪುಷ್ಪಾಗೆ ಕೇಳಿಸಲಿಲ್ಲ. ಇನ್ನೊಂದು ಕಿವಿಯನ್ನು ತಿರುಗಿಸಿದಳು. ಲಿಂಗಮ್ಮ ಮತ್ತೆ ಕೇಳಿದಳು.

"ನೀವೇ ಹೇಳ್ತೀರಿ ಅಂತ ಕಾದೆ ಅತ್ತೆ."

ಗಾಡಿ ಶಿವಮೊಗ್ಗ ತಲುಪಿತು.

ವಿನೋಬನಗರದ ಪಶುವೈದ್ಯೆ ಡಾಕ್ಟರ್ ಜಯಶೀಲಾ ಮರಿಯ ಬಾಯನ್ನು ನೀರಿನಿಂದ ತೊಳೆದು ತೊಳೆದು, ಟಾರ್ಚು ಬಿಟ್ಟು ನೋಡಿದರು. "ನಾಲಿಗೆ ಸುಟ್ಟಿದೆ. ಕೆಲವು ದಿನ ತಾನಾಗಿ ತಿನ್ನಲ್ಲ, ನಾವೇ ಹನಿಹನಿಯಾಗಿ ಹಾಕ್ಬೇಕು. ಗಂಟಲೊಳಗೆ ಎಷ್ಟು ಹೋಗಿದೆ ಅನ್ನೋದರ ಮೇಲೆ ಇದರ ಜೀವ ನಿಂತಿದೆ."

ಅವರು ಸಿರಿಂಜ್ ತೆಗೆದುಕೊಳ್ಳಲು ಕೈ ಚಾಚಿದಾಗ ಮರಿ ಮುಂಗಾಲನ್ನು ಎತ್ತಿ ಗಾಳಿಯಲ್ಲಿ ಮೆಲ್ಲಗೆ ಸುತ್ತಿಸಿತು.

"ನೋಡಿ ಮೇಡಂ, ಈ ಸ್ಥಿತೀಲೂ ನಮಸ್ಕಾರ ಮಾಡ್ತಿದಾನೆ," ಎಂದ ಪರಶುರಾಮ. "ಇದರ ವಿಡಿಯೋ ಹಾಕಿದ್ದೆ. ಎಲ್ಲರಿಗೂ ತುಂಬ ಇಷ್ಟ ಆಗಿತ್ತು."

"ನಮಸ್ಕಾರ ಅಲ್ಲ ಅದು. ದೊಡ್ಡದು ಮುಂದೆ ಬಂದಾಗ, 'ನಾನು ಸಣ್ಣವನು, ಏನೂ ಮಾಡ್ಬೇಡ' ಅನ್ನೋದು. ನಿಮ್ಮ ಮನೇಲಿ ಇದು ಯಾರಿಗೆ ಹೆದರುತ್ತೆ?"

ಅವನು ಬೆವರು ಒರೆಸಿಕೊಳ್ಳಲು ಕೈ ಎತ್ತಿದ, ಅಷ್ಟೇ. ಪಕ್ಕದಲ್ಲಿ ನಿಂತಿದ್ದ ಪುಷ್ಪಾಳ ಮೊಣಕೈ ತಾನಾಗಿ ಮೇಲೆದ್ದು ಮುಖಕ್ಕೆ ಅಡ್ಡವಾಯಿತು.

ಲಿಂಗಮ್ಮ ಅದನ್ನು ನೋಡಿದಳು. ಎಷ್ಟೋ ವರ್ಷ ತನ್ನ ಮೊಣಕೈಯೂ ಹೀಗೇ ಎದ್ದಿತ್ತು. ಜಯಶೀಲಾರೂ ನೋಡಿದರು. ಅವರ ಕಣ್ಣು ಕಿವಿಯಿಂದ ಕತ್ತಿಗೆ, ಕತ್ತಿನಿಂದ ರವಿಕೆಗೆ ಇಳಿಯಿತು.

"ಇವರಿಗೇನಾಯ್ತು?"

"ಬಚ್ಚಲಲ್ಲಿ ಜಾರಿದ್ದು ಮೇಡಂ. ಹುಳಕ್ಕೆ ಸುಣ್ಣ ಹಾಕಿದ್ದೂ ಇವಳೇ. ತಲೆ ಅನ್ನೋದಿಲ್ಲ."

"ಇವಳಲ್ಲ," ಎಂದಳು ಲಿಂಗಮ್ಮ. "ನಾನು ಹಾಕಿದ್ದು. ಸುಣ್ಣದ ಪುಡಿ ಹಾಕು ಅಂತ ನೀನೇ ಫೋನಲ್ಲಿ ಹೇಳ್ದೆ. ಇವಳು ಮನೇಲೇ ಇರ್ಲಿಲ್ಲ."

ಪರಶುರಾಮ ತಾಯಿಯನ್ನು ದಿಟ್ಟಿಸಿದ. "ಆವಾಗ್ಲೇ ಬೊಗಳೋಕೆ ಏನಾಗಿತ್ತು ನಿಂಗೆ?" ಅವನ ಕೈ ಭುಜದ ಮಟ್ಟಕ್ಕೆ ಎದ್ದಿತ್ತು. ಲಿಂಗಮ್ಮ ಮುಖ ಮರೆಮಾಡಿಕೊಳ್ಳಲಿಲ್ಲ.

"ಹೊಡಿ. ಸುಣ್ಣ ಹಾಕಿದ್ದಕ್ಕೆ ತಾನೆ ಏಟು? ಅವಳಿಗೆ ಎಷ್ಟು ಬಿದ್ದಿದೆಯೋ ಅಷ್ಟೂ ಹೊಡಿ. ನಿಮ್ಮಪ್ಪ ಮುರಿದ ಭುಜ ಇದು, ಇನ್ನೊಂದು ಗಟ್ಟಿಯಾಗಿದೆ."

"ಕೈ ಇಳಿಸ್ರಿ," ಜಯಶೀಲಾ ಹೇಳಿದರು. ಧ್ವನಿ ಏರಲಿಲ್ಲ. ಮೇಜಿನ ಮೇಲಿನ ಫೋನನ್ನು ಕೈಗೆತ್ತಿಕೊಂಡಿದ್ದರು.

ಮೇಜಿನ ಮೇಲೆ ಮರಿ ಮತ್ತೆ ಮುಂಗಾಲು ಎತ್ತಿತು. ಈ ಸಲ ಅದರ ಕಣ್ಣು ತನ್ನ ಎತ್ತಿದ ಕೈಯ ಮೇಲೇ ಇರುವುದು ಪರಶುರಾಮನಿಗೆ ಕಂಡಿತು. ಅವನ ಕೈ ಇಳಿಯಿತು. ಬೆಂಚಿನ ಮೇಲೆ ಕುಸಿದು ಕೂತ. "ಅಮ್ಮ..." ಎಂದ.

"ನೀನು ಅದಕ್ಕೆ ಹನಿ ಹಾಕ್ತಾ ಇಲ್ಲೇ ಕೂತಿರು," ಎಂದು ಲಿಂಗಮ್ಮ ಸೊಸೆಯ ಕಡೆ ತಿರುಗಿದಳು. "ನಡಿ."

ಆಟೋದಲ್ಲಿ ಆಸ್ಪತ್ರೆಗೆ ಹೋದರು. ತುರ್ತು ವಿಭಾಗದಲ್ಲಿದ್ದ ಯುವ ವೈದ್ಯರು ಕಿವಿಯೊಳಗೆ ನೋಡಿ, ಕಿವಿತಮಟೆ ಹರಿದಿದೆ ಎಂದರು. ಕತ್ತಿನ ಸುಟ್ಟಗಾಯ ಮುಟ್ಟಿ, "ಹೇಗಾಯ್ತು?" ಎಂದು ಕೇಳಿದರು.

ಪುಷ್ಪಾ ಅಭ್ಯಾಸಬಲದಿಂದ ಶುರುಮಾಡಿದಳು, "ಬಚ್ಚಲಲ್ಲಿ..."

"ಜಾರಿಲ್ಲ," ಎಂದಳು ಲಿಂಗಮ್ಮ. "ನನ್ನ ಮಗ ಹೊಡೆದ. ಪರಶುರಾಮ ಅಂತ. ನಾನು ಅಲ್ಲೇ ನಿಂತು ನೋಡ್ತಿದ್ದೆ."

ವೈದ್ಯರು ಪೆನ್ನು ನಿಲ್ಲಿಸಿದರು. "ಹಾಗೆ ಬರೆದ್ರೆ ಪೊಲೀಸರಿಗೆ ತಿಳಿಸ್ಬೇಕಾಗುತ್ತೆ ಅಜ್ಜಿ. ಯೋಚನೆ ಮಾಡಿ."

ಲಿಂಗಮ್ಮ ಸೊಸೆಯನ್ನು ನೋಡಿದಳು. ಪುಷ್ಪಾ ಆಗಲಿ ಎಂಬಂತೆ ತಲೆಯಾಡಿಸಿದಳು.

"ಬರ್ಕೊಳಿ," ಎಂದಳು ಲಿಂಗಮ್ಮ.

ನರ್ಸು ಮುಲಾಮು ಹಚ್ಚಿ ಹೋದ ಮೇಲೆ, ಪುಷ್ಪಾಳ ಜಡೆಯಿಂದ ಬಿಚ್ಚಿದ ಕೂದಲು ಗಾಯಕ್ಕೆ ಅಂಟುತ್ತಿತ್ತು. ಸರಿಸಬೇಕೆಂದು ಲಿಂಗಮ್ಮ ಕೈ ಎತ್ತಿದಳು. ಸೊಸೆಯ ಮೊಣಕೈ ಅಲುಗಿದ್ದು ಕಂಡಿತು. ಲಿಂಗಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಕೆಳಗಿನಿಂದ, ಪಕ್ಕದಿಂದ, ನಿಧಾನಕ್ಕೆ ತಂದಳು.