ಫಿಟ್ ಇದೀನಿ ಸಾರ್

ಪರಮೇಶ್ವರಪ್ಪನ ಆರೋಗ್ಯದ ಸಮಾಚಾರವನ್ನು ಯಾವ ಡಾಕ್ಟರು ಕೇಳಿದರೂ ಉತ್ತರ ಬರುತ್ತಿದ್ದದ್ದು ಹೆಂಡತಿ ಮಹಾಂತಮ್ಮನ ಬಾಯಿಂದ. ಎಡಗಾಲಿನ ಆಣಿಯಿಂದ ಹಿಡಿದು ಬಲಗಿವಿ ಸೋರುವುದರವರೆಗೆ ಎಲ್ಲವೂ ಆಕೆಗೆ ಕಂಠಪಾಠ. ಅವನನ್ನೇ ಕೇಳಿದರೆ ಸಿಗುತ್ತಿದ್ದದ್ದು ಒಂದೇ ಮಾತು: "ಫಿಟ್ ಇದೀನಿ ಸಾರ್."

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಆಯಸ್ಸು ಸವೆಸಿದ ಮನುಷ್ಯ ಅವನು. ಡಾಕ್ಟರ ಮುಂದೆ ಎದೆನೋವು, ಸೊಂಟನೋವು ಎಂದು ಬಾಯಿಬಿಟ್ಟರೆ ಅನ್‌ಫಿಟ್ ಎಂದು ಬರೆದು ಗೇಟಿನ ಬಳಿ ಸ್ಟೂಲಿನ ಮೇಲೆ ಕೂರಿಸುತ್ತಾರೆ ಎಂಬ ಭಯ ಅವನ ಜೊತೆಯವರಿಗೆಲ್ಲ ಇತ್ತು. ಕೆಲಸ ಹಗುರ, ಸಂಬಳ ಅದೇ, ಆದರೂ ಬೇಡ. ಗೇಟಿನಲ್ಲಿ ಕೂತವನನ್ನು ಒಳಗೆ ಹೋಗುವವರೆಲ್ಲ "ಏನಣ್ಣ, ಹೆಂಗಿದೀಯಾ?" ಎಂದು ಕನಿಕರದಿಂದ ಕೇಳುತ್ತಾರಲ್ಲ, ಅದು ಅವರಿಗೆ ಆಗುತ್ತಿರಲಿಲ್ಲ. ರಿಟೈರಾಗಿ ವರ್ಷಗಳು ಕಳೆದರೂ ಬಿಳಿ ಕೋಟು ಕಂಡೊಡನೆ ಪರಮೇಶ್ವರಪ್ಪನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇವನ ಗುಣವಂತೂ ಕುಲುಮೆಯ ಮುಂದೆಯೇ ಹುಟ್ಟಿದ್ದು, ಹೋಗುವ ಮಾತೆಲ್ಲಿ?

ಆದರೆ ಈ ಸಲದ ಕಾಯಿಲೆ ಮಹಾಂತಮ್ಮನಿಗೂ ಗೊತ್ತಿರಲಿಲ್ಲ. ಕೆಲವು ತಿಂಗಳಿಂದ ಗಂಡ ತರಕಾರಿ ತರಲು ಹೋದರೆ ಬೇಗ ಬರುತ್ತಿರಲಿಲ್ಲ. ಬಂದಾಗ ಅಂಗಿಯ ಬೆನ್ನು ಒದ್ದೆ, ಮುಖ ಬೂದಿಯ ಬಣ್ಣ. ಕೇಳಿದರೆ "ಗ್ಯಾಸು" ಎಂದು ಓಮದ ನೀರು ಕುಡಿದು ಮಲಗುತ್ತಿದ್ದ. ನ್ಯೂ ಟೌನಿನ ಡಾಕ್ಟರಮ್ಮ ಇಸಿಜಿ ತೆಗೆಸಿ, "ಇದರಲ್ಲಿ ಸ್ಪಷ್ಟವಾಗಿ ಕಾಣ್ತಿಲ್ಲ. ನೋವು ಯಾವಾಗ ಬರುತ್ತೆ, ಹೇಗೆ ಹೋಗುತ್ತೆ ಅಂತ ಅವರೇ ಬಾಯಿಬಿಟ್ಟು ಹೇಳ್ಬೇಕಮ್ಮ. ನನಗೆ ಹೃದಯದ ಮೇಲೇ ಅನುಮಾನ" ಎಂದು ಹೇಳಿ, ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಚೀಟಿ ಕೊಟ್ಟಿದ್ದಳು. ಅಲ್ಲಿ ಹೊಸದಾಗಿ ಟೆಲಿಮೆಡಿಸಿನ್ ಬಂದಿದೆ, ಬೆಂಗಳೂರಿನ ಹೃದಯದ ಡಾಕ್ಟರು ಟೀವಿಯಲ್ಲೇ ನೋಡುತ್ತಾರೆ ಎಂದಳು.

ಕೈ ಹಿಡಿದು ನಾಡಿ ನೋಡಿದ ಡಾಕ್ಟರಿಗೇ ಸುಳ್ಳು ಹೇಳಿದವನು ಟೀವಿಗೆ ನಿಜ ಹೇಳುತ್ತಾನೆಯೇ ಎಂದು ಮಹಾಂತಮ್ಮನಿಗೆ ಅನ್ನಿಸಿತು. ತನ್ನ ಗಂಡ ಫಿಟ್ ಫಿಟ್ ಎನ್ನುತ್ತಲೇ ಒಂದು ದಿನ ಸತ್ತುಹೋಗುತ್ತಾನೆ ಎಂಬ ಭಯ ಆಕೆಯನ್ನು ಹಗಲೂ ರಾತ್ರಿ ತಿನ್ನುತ್ತಿತ್ತು. ಆದರೂ ತನ್ನ ಮಂಡಿನೋವನ್ನು ಹಲ್ಲುಕಚ್ಚಿ ತಡೆದುಕೊಂಡು ಅವನನ್ನು ಬಸ್ಸು ಹತ್ತಿಸಿದಳು.

ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ದೊಡ್ಡ ಟೀವಿ, ಅದರ ತಲೆಯ ಮೇಲೊಂದು ಕ್ಯಾಮೆರಾ, ಎದುರಿಗೊಂದು ಕುರ್ಚಿ, ಒಂದು ಮೈಕು. ಯಂತ್ರ ನೋಡಿಕೊಳ್ಳುವ ನಿಖತ್ ಪರಮೇಶ್ವರಪ್ಪನನ್ನು ಕುರ್ಚಿಯಲ್ಲಿ ಕೂರಿಸಿದಳು. ಪರದೆಯ ಮೇಲೆ ಕನ್ನಡಕದ ಡಾಕ್ಟರ್ ಶಿವರಾಜ್ ಮೂಡಿದರು.

"ನಮಸ್ಕಾರ ಯಜಮಾನ್ರೇ. ಏನು ತೊಂದ್ರೆ?"

"ಗ್ಯಾಸು ಅಂತಾರೆ ಸಾರ್, ಆದ್ರೆ ಗ್ಯಾಸಲ್ಲ, ಮೊನ್ನೆ ಏನಾಯ್ತು ಅಂದ್ರೆ..." ಎಂದು ಮಹಾಂತಮ್ಮ ಹಿಂದಿನಿಂದ ಶುರುಮಾಡಿದಳು. ಬೆಂಗಳೂರಿನಿಂದ ಮಾತು ಬರುವುದು ಒಂದು ಗಳಿಗೆ ತಡ. ಡಾಕ್ಟರ ಪ್ರಶ್ನೆಯೂ ಆಕೆಯ ಉತ್ತರವೂ ಡಿಕ್ಕಿ ಹೊಡೆದು ಎರಡೂ ತಿಳಿಯದಂತಾದವು.

"ಅಮ್ಮಾ, ನೀವು ಆ ಬೆಂಚಲ್ಲಿ ಕೂತ್ಕೊಳ್ಳಿ. ಅಂಕಲ್ಲೇ ಹೇಳ್ಲಿ," ಎಂದಳು ನಿಖತ್.

ಮಹಾಂತಮ್ಮ ಬೆಂಚಿನಲ್ಲಿ ಕೂತು ಬಾಯಿಗೆ ಸೆರಗು ಹಿಡಿದಳು. ಊಟ ಬಿಡು ಎಂದಿದ್ದರೆ ಸುಲಭವಾಗಿ ಬಿಡುತ್ತಿದ್ದಳು.

"ನಡೀವಾಗ ಎದೆ ಹಿಡಿದಂಗಾಗುತ್ತಾ?" ಎಂದರು ಡಾಕ್ಟರು.

"ಇಲ್ಲ ಸಾರ್. ಫಿಟ್ ಇದೀನಿ."

"ಮೆಟ್ಟಿಲು ಹತ್ತುವಾಗ?"

"ಇಲ್ಲ ಸಾರ್," ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ಮಾತ್ರ ಎದೆಯ ಮೇಲಿತ್ತು.

ಅಷ್ಟರಲ್ಲಿ ಪರದೆಯ ಮೇಲಿನ ಡಾಕ್ಟರು ಅರ್ಧ ಕಣ್ಣು ಮುಚ್ಚಿಕೊಂಡು ನಿಂತುಬಿಟ್ಟರು. ಚಿತ್ರ ಅಲ್ಲಾಡಲಿಲ್ಲ. "ಲೈನ್ ಸಿಕ್ಕಾಕ್ಕೊಂತು, ಒಂದ್ನಿಮಿಷ," ಎಂದು ನಿಖತ್ ಪಕ್ಕದ ಕೋಣೆಗೆ ಓಡಿದಳು.

"ನೋಡು, ಹೋಯ್ತು. ನಡಿ ಮಾರಾಯ್ತಿ, ಬಸ್ ಹಿಡಿಯಾಣ," ಎಂದು ಪರಮೇಶ್ವರಪ್ಪ ಎದ್ದ.

ಮಹಾಂತಮ್ಮನ ಬಾಯಿಂದ ಸೆರಗು ಜಾರಿತು. "ಕೂತ್ಕೊಳ್ರೀ! ಯಾರಿಗ್ರೀ ಫಿಟ್ಟು? ಅವರೇನು ನಿಮ್ ಫ್ಯಾಕ್ಟರಿ ಡಾಕ್ಟ್ರಾ? ನಿಮ್ಮನ್ನ ಯಾವ ಗೇಟಿಗೆ ಹಾಕ್ತಾರೆ ಈಗ? ನೀವು ಸತ್ರೆ ನಾನು ಯಾರ್ ಹತ್ರ ಜಗಳ ಆಡ್ಲಿ?" ಕೊನೆಯ ಮಾತಿಗೆ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವನು ಕೂತ. ಹೆಂಡತಿ ಅತ್ತದ್ದನ್ನು ಅವನು ಹೆಚ್ಚು ಕಂಡವನಲ್ಲ.

"ಇದೆ ಕಣೆ ನೋವು," ಎಂದ ಮೆಲ್ಲಗೆ. "ಚೀಲ ಹಿಡ್ಕೊಂಡು ಬರ್ತಾ ಎದೆ ಮೇಲೆ ಕಲ್ಲಿಟ್ಟಂಗಾಗುತ್ತೆ. ಪೀರ್ ಬಾಷಾನ ಸೈಕಲ್ ಶಾಪಲ್ಲಿ ಪೇಪರ್ ಓದೋನ ಥರ ನಿಂತ್ಕೋತೀನಿ. ನಿಂತ್ರೆ ಹೋಗುತ್ತೆ. ಈಗೀಗ ರಾತ್ರಿನೂ ಬರುತ್ತೆ."

"ಮತ್ತೆ ಹೇಳೋಕೇನ್ ದಾಡಿ?"

"ಹೇಳಿದ್ರೆ ನೀನು ನನ್ನನ್ನ ಕೂರಿಸಿಬಿಡ್ತೀಯ. ಆ ಮಂಡಿ ಇಟ್ಕೊಂಡು ನೀನು ಸಂತೆಗೆ ಹೋಗ್ತೀಯಾ? ನೀರು ಯಾರು ಹಿಡೀತಾರೆ? ಮಗಳು ಆಯನೂರಿಂದ ದಿನಾ ಬರೋಕಾಗುತ್ತಾ? ನಾನೂ ಗೇಟಲ್ಲಿ ಕೂತ್ಬಿಟ್ರೆ ಒಳಗಿನ ಕೆಲಸ ಯಾರು ಮಾಡೋರು?"

ಮಹಾಂತಮ್ಮನಿಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಇಷ್ಟು ವರ್ಷ ಈ ಮನುಷ್ಯನ ಪರವಾಗಿ ಊರಿಗೆಲ್ಲ ಉತ್ತರ ಹೇಳಿದವಳು ತಾನು. ಅವನ ಸುಳ್ಳೆಲ್ಲ ತನ್ನ ಮಂಡಿಗಾಗಿ ಎಂಬುದು ಮಾತ್ರ ಹೊಳೆದಿರಲಿಲ್ಲ. ಅವನ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಉಕ್ಕಿತು, ಜೊತೆಗೆ ತಲೆಗೊಂದು ಮೊಟಕಬೇಕು ಎಂದೂ ಅನ್ನಿಸಿತು.

"ಯಜಮಾನ್ರೇ, ನಿಮ್ ಮಾತು ನನಗೆ ಕೇಳಿಸ್ತಾ ಇದೆ."

ಇಬ್ಬರೂ ಬೆಚ್ಚಿಬಿದ್ದರು. ಪರದೆಯ ಡಾಕ್ಟರು ಇನ್ನೂ ಹಾಗೇ ಅರ್ಧ ಕಣ್ಣು ಮುಚ್ಚಿಕೊಂಡಿದ್ದರು, ತುಟಿ ಅಲ್ಲಾಡುತ್ತಿರಲಿಲ್ಲ. ಮಾತು ಮಾತ್ರ ಬರುತ್ತಿತ್ತು. "ಚಿತ್ರ ನಿಂತಿದೆ, ನಿಮ್ ಧ್ವನಿ ನಿಂತಿರ್ಲಿಲ್ಲ. ಆಗಲೇ ಹೇಳೋಣ ಅಂದ್ರೆ ನನ್ ಧ್ವನಿ ನಿಮಗೆ ತಲುಪ್ತಿರ್ಲಿಲ್ಲ. ಕ್ಷಮಿಸಿ. ನಿಮಗಿಷ್ಟ ಇಲ್ದಿದ್ರೆ ಕೇಳಿಸ್ಕೊಂಡಿಲ್ಲ ಅಂದ್ಕೋತೀನಿ. ಆದ್ರೆ ನೀವೇ ನನಗೆ ಇನ್ನೊಂದ್ಸಲ ಹೇಳಿದ್ರೆ ಒಳ್ಳೇದು."

ಮಹಾಂತಮ್ಮ ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡಳು. ಪರಮೇಶ್ವರಪ್ಪ ಮೈಕಿನತ್ತ ಬಾಗಿದ. ಈ ಸಲ ಬೆನ್ನು ನೆಟ್ಟಗಿರಲಿಲ್ಲ. ಕಲ್ಲಿಟ್ಟಂತಾಗುವುದು, ಎಡಗೈಗೆ ಇಳಿಯುವುದು, ನಿಂತರೆ ಹೋಗುವುದು, ಎಲ್ಲವನ್ನೂ ಒಂದೊಂದಾಗಿ ಹೇಳಿದ. ಅವನು ಮುಗಿಸುವ ಹೊತ್ತಿಗೆ ನಿಖತ್ ವಾಪಸ್ ಬಂದಳು, ಚಿತ್ರವೂ ಮರಳಿ ಡಾಕ್ಟರು ಕಣ್ಣು ಬಿಟ್ಟರು.

"ಇದು ಗ್ಯಾಸಲ್ಲ," ಎಂದರು. "ಹೃದಯದ ರಕ್ತನಾಳ ಕಟ್ಟಿರೋ ಹಾಗಿದೆ. ಇವತ್ತು ಅಲ್ಲೇ ಅಡ್ಮಿಟ್ ಆಗಿ, ಅಲ್ಲಿನ ಡಾಕ್ಟರ ಹತ್ರ ನಾನು ಮಾತಾಡ್ತೀನಿ. ಆಮೇಲೆ ಅವರೇ ಇಲ್ಲಿಗೆ, ಬೆಂಗಳೂರಿಗೆ ಕಳಿಸ್ತಾರೆ. ಸರಿ ಮಾಡ್ಬಹುದು. ಬರ್ತೀರಾ?"

"ಬರ್ತೀನಿ ಸಾರ್."

"ಇನ್ನೊಂದು ಕೇಳ್ಬೇಕು. ರಾತ್ರಿ ನೋವು ಬಂದಾಗ ಏನ್ ಮಾಡ್ತೀರಿ?"

"ಏನೂ ಇಲ್ಲ ಸಾರ್. ಎದ್ದು ಕೂತು ಇವಳ ಗೊರಕೆ ಕೇಳ್ತಿರ್ತೀನಿ. ಅದು ಕೇಳ್ತಾ ಕೇಳ್ತಾ ಕಮ್ಮಿ ಆಗುತ್ತೆ."

ನಿಖತ್ ಮುಖ ಆಚೆ ತಿರುಗಿಸಿಕೊಂಡಳು. ಮಹಾಂತಮ್ಮ ಬೆಂಚಿನಿಂದ ಎದ್ದು ಬಂದು ಗಂಡನ ಕುರ್ಚಿಯ ಪಕ್ಕ ನಿಂತಳು.

"ಇನ್ಮೇಲೆ ಬಂದ್ರೆ ಅಮ್ಮನ್ನ ಎಬ್ಬಿಸ್ತೀರಾ?" ಎಂದರು ಡಾಕ್ಟರು.

ಉತ್ತರ ಮಹಾಂತಮ್ಮನ ನಾಲಿಗೆಯ ತುದಿಯಲ್ಲಿತ್ತು. ಆಕೆ ತಡೆದುಕೊಂಡಳು. ಪರಮೇಶ್ವರಪ್ಪ ಪರದೆಯನ್ನು ಬಿಟ್ಟು ಅವಳತ್ತ ತಿರುಗಿದ.

"ಎಬ್ಬಿಸ್ತೀನಿ ಕಣೆ," ಎಂದ.