ರಹಿಮಾಬಿಯ ನೆಗಡಿ

ಗೊಳಸಂಗಿಯ ಮೋದಿನಸಾಬ ಹತ್ತಿ ಹಿಂಜುವವನು. ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಸುತ್ತಲಿನ ಊರುಗಳಿಗೆ ಹೋಗಿ, ಹಳೆಯ ಗಾದಿ ಬಿಚ್ಚಿ, ಗಂಟುಗಟ್ಟಿದ ಅರಳೆ ಹಿಂಜಿ ಮತ್ತೆ ತುಂಬಿ ಹೊಲಿದುಕೊಡುತ್ತಿದ್ದ. ಸುಗ್ಗಿ ಮುಗಿದು ಮದುವೆಗಳು ಶುರುವಾಗುವ ಹೊತ್ತಿಗೆ ಮನೆಯಲ್ಲೂ ಹತ್ತಿಯ ರಾಶಿ ಬೀಳುತ್ತಿತ್ತು. ಹೆಂಡತಿ ಶಮಶಾದಬಿ ಮುದ್ದೇಬಿಹಾಳದ ಕಡೆಯವಳು. ಬಹಳ ವರ್ಷ ಮಕ್ಕಳಾಗದೆ ಕೊನೆಗೊಂದು ಹೆಣ್ಣು ಹುಟ್ಟಿದಾಗ, ತೀರಿಕೊಂಡ ಅತ್ತೆಯ ಹೆಸರನ್ನೇ ಇಟ್ಟು ರಹಿಮಾಬಿ ಎಂದು ಕರೆದರು.

ಆ ಕೂಸು ಗೋಡೆ ಹಿಡಿದು ನಿಲ್ಲುವುದನ್ನು ಕಲಿಯುವ ಹೊತ್ತಿಗೆ ತಾಯಿಗೆ ಕೆಮ್ಮು ಹತ್ತಿತು. ಅರಳೆಯ ಧೂಳಿಗೆ ಬಂದ ಕೆಮ್ಮು ಎಂದುಕೊಂಡರು. ಸಂಜೆಯ ಜ್ವರ ಬಿಡದಾದಾಗ, ಕೆಮ್ಮಿದ ಅರಿವೆಯಲ್ಲಿ ಕೆಂಪು ಕಂಡಾಗ, ಮೋದಿನಸಾಬ ಆಕೆಯನ್ನು ವಿಜಾಪುರಕ್ಕೆ ಕರೆದುಕೊಂಡು ಹೋದ. ಡಾಕ್ಟರು ಎದೆಯ ಫೋಟೋ ತೆಗೆಸಿ ಕ್ಷಯ ಅಂದರು. ಸೂಜಿ ಶುರು ಮಾಡಿದರು. ಬಂದದ್ದು ತಡವಾಯಿತು ಎಂಬುದನ್ನು ಮೋದಿನಸಾಬನಿಗೆ ಬೇರೆ ಕರೆದು ಹೇಳಿದರು. ಇಬ್ಬರಿಗೂ ಹೇಳಿದ್ದು ಒಂದೇ ಮಾತು: ಕೂಸನ್ನು ತಾಯಿಯ ಹತ್ತಿರ ಬಿಡಬೇಡಿ, ಮೊಲೆ ಬಿಡಿಸಿ, ಉಸಿರು ತಾಕುವಷ್ಟು ದೂರಕ್ಕೂ ತರಬೇಡಿ.

ಊರಿಗೆ ಬಂದ ದಿನವೇ ಶಮಶಾದಬಿ ತನ್ನ ತಾಟು, ತಂಬಿಗೆ, ಕೌದಿ ಎತ್ತಿಕೊಂಡು ಹಿತ್ತಲಿನ ದನದ ಕೊಟ್ಟಿಗೆಗೆ ಹೋದಳು. ಯಾರೂ ಹೋಗು ಅನ್ನಲಿಲ್ಲ. ಆ ಮನೆಯಲ್ಲಿ ದನ ಇರದೆ ಬಹಳ ಕಾಲವಾಗಿತ್ತು. ಮೋದಿನಸಾಬ ಮಾಡಿಗೆ ಜೋಳದ ಕಣಿಕೆ ಹೊದಿಸಿ, ನೆಲ ಸಾರಿಸಿ ಕೊಟ್ಟ. ಮನೆಯ ಹಿಂಬಾಗಿಲಿಗೂ ಕೊಟ್ಟಿಗೆಗೂ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಅದರ ಆಚೆ ಆಕೆ, ಈಚೆ ಕೂಸು. ಕೂಸು ಮೊದಮೊದಲು ಅತ್ತು ಅತ್ತು ದನಿ ಕಳೆದುಕೊಂಡಿತು. ಮಗ್ಗುಲ ಮನೆಯ ಶೆಟ್ಟೆವ್ವ, ಮಕ್ಕಳನ್ನೆಲ್ಲ ಮದುವೆ ಮಾಡಿ ಕಳಿಸಿ ಒಬ್ಬಳೇ ಇದ್ದವಳು, ಮೋದಿನಸಾಬ ಕೆಲಸಕ್ಕೆ ಹೋದಾಗ ಅದನ್ನು ಎತ್ತಿಕೊಂಡು ತಿರುಗಿದಳು. ಬರಬರುತ್ತ ಕೂಸು ಶೆಟ್ಟೆವ್ವನ ಸೊಂಟಕ್ಕೆ ಹೊಂದಿಕೊಂಡಿತು. ಶಮಶಾದಬಿ ಗೋಡೆಯ ಆಚೆ ಕೂತು ಅದರ ಅಳುವನ್ನೂ ಕೇಳಿಸಿಕೊಂಡಳು, ಅಳು ನಿಂತದ್ದನ್ನೂ ಕೇಳಿಸಿಕೊಂಡಳು.

ನಮ್ಮ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ಅದು. ಚಳಿ ಜೋರಾಗಿತ್ತು. ಹೊಲದಲ್ಲಿ ಜೋಳದ ತೆನೆ ಹಾಲು ತುಂಬಿ ನಿಂತಿತ್ತು, ಮುಂಜಾನೆ ಬದುವಿನ ಹುಲ್ಲಿಗೆ ಇಬ್ಬನಿ ಬಿಳಿಯಾಗಿ ಕೂರುತ್ತಿತ್ತು. ಅಂಥ ಒಂದು ಮುಂಜಾನೆ ರಹಿಮಾಬಿಯ ಮೂಗು ಸೋರತೊಡಗಿತು. ಮೊದಲು ನೀರಿನಂತೆ ಸೋರಿತು. ಮರುದಿನಕ್ಕೆ ಗಟ್ಟಿಯಾಗಿ ಕಟ್ಟಿತು. ಹಾಲಿನ ಬಟ್ಟಲು ಬಾಯಿಗೆ ಹಿಡಿದರೆ ಎರಡು ಗುಟುಕು ಕುಡಿದು, ಉಸಿರಿಗಾಗಿ ಬಿಟ್ಟು, ಹಸಿವಿಗೆ ಅಳುತ್ತಿತ್ತು. ಮಲಗಿಸಿದರೆ ಗೊರಗೊರ ಎಂದು ಎದ್ದು ಕೂರುತ್ತಿತ್ತು. ಮೂಗಿನ ಕೆಳಗೆ ಒರೆಸಿ ಒರೆಸಿ ಚರ್ಮ ಕೆಂಪಾಗಿ ಸುಲಿದಿತ್ತು. ನಡುನಡುವೆ ಒಂದು ಸಣ್ಣ ಕೆಮ್ಮು.

ಆ ಕೆಮ್ಮು ಕೇಳಿ ಮೋದಿನಸಾಬ ಬಿಲ್ಲು ಕೆಳಗಿಟ್ಟು ಮನೆಯಲ್ಲೇ ಉಳಿದ. ಓಣಿಯವರು ಬಾಗಿಲಲ್ಲೇ ನಿಂತು ಇಣುಕಿ ಹೋದರು. ತಾಯಿಯದೇ ಮಗಳಿಗೂ ಬಂತು ಎಂದು ಯಾರೋ ಅಂದದ್ದು ಅವನ ಕಿವಿಗೂ ಬಿತ್ತು. ಅವನು ಗೋಡೆಯ ಹತ್ತಿರ ಹೋಗಿ ಹೆಂಡತಿಗೆ ಹೇಳಿದ. ಶಮಶಾದಬಿ ಎದ್ದು ಕೂತು, ಜ್ವರ ಎಷ್ಟಿದೆ, ಹಾಲು ಎಷ್ಟು ಕುಡಿಯಿತು, ಉಚ್ಚೆ ಹೊಯ್ದಿತೋ ಇಲ್ಲವೋ ಎಂದು ಒಂದೊಂದೇ ಕೇಳಿದಳು. ಕೊನೆಗೆ ಕೇಳಿದಳು:

"ಉಸರ ತಗೊಂಡಾಗ ಪಕ್ಕಿ ಒಳಗ ಜಗ್ಗತೈತೇನ್ರಿ? ಅಂಗಿ ಎತ್ತಿ ನೋಡ್ರಿ."

ಅವನು ಒಳಗೆ ಹೋಗಿ ನೋಡಿ ಬಂದ. ಪಕ್ಕೆಲುಬು ಒಳಗೆ ಜಗ್ಗುತ್ತಿರಲಿಲ್ಲ.

"ಹಂಗಾದ್ರ ಇದು ನನ್ನ ಬ್ಯಾನಿ ಅಲ್ಲ, ನೆಗಡಿ," ಅಂದಳು. "ಪಕ್ಕಿ ಜಗ್ಗಿತು ಅಂದ್ರ ಯಾರನ್ನೂ ಕೇಳಬ್ಯಾಡ್ರಿ, ಎತಗೊಂಡು ಬಾಗೇವಾಡಿ ದವಾಖಾನಿಗೆ ಓಡ್ರಿ."

ಗಟ್ಟಿಯಾಗಿಯೇ ಹೇಳಿದಳು. ಆದರೆ ಮೋದಿನಸಾಬ ಎರಡು ಹೆಜ್ಜೆ ಹೋಗುವುದರೊಳಗೆ ಮತ್ತೆ ಕರೆದು, ಇನ್ನೊಮ್ಮೆ ನೋಡಿ ಬನ್ನಿ ಅಂದಳು. ಆಕೆಗೂ ಖಾತ್ರಿ ಇರಲಿಲ್ಲ.

ಅದೇ ದಿನ ಮಧ್ಯಾಹ್ನ ಮಸೂತಿಯೆಂಬ ಊರಿನಲ್ಲಿದ್ದ ಮೋದಿನಸಾಬನ ಅಕ್ಕ ಪೀರಬಿ ಬಂದಳು. ಸುದ್ದಿ ಹೇಗೋ ಮುಟ್ಟಿತ್ತು. ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಆಕೆ, ಅವಳ ಮಾತಿಗೆ ಅವನು ಎಂದೂ ಎದುರಾಡಿದವನಲ್ಲ. ಬಂದವಳೇ ಕೂಸನ್ನು ಕಸಿದುಕೊಂಡು ತೊಡೆಯ ಮೇಲೆ ಹಾಕಿಕೊಂಡಳು. ಈ ಮನೆಯ ಗಾಳಿಯೇ ಕೆಟ್ಟಿದೆ, ಕೂಸನ್ನು ಮಸೂತಿಗೆ ಒಯ್ಯುತ್ತೇನೆ ಅಂದಳು. ಅದಕ್ಕೆ ಮೊದಲು ಮೂಗಿಗೆ ಬಿಸಿ ಎಣ್ಣೆ ಬಿಡಬೇಕು, ನಾಳೆ ಬಳೆಚೂರು ಕಾಸಿ ಹೊಟ್ಟೆಯ ಮೇಲೆ ಬರೆ ಎಳೆಸಿ ಚುಟಿಗೆ ಕೊಡಿಸಬೇಕು ಅಂದಳು. ಸವಟಿನಲ್ಲಿ ಎಣ್ಣೆ ಕಾಯಿತು. ಶೆಟ್ಟೆವ್ವ ಕೂಸಿನ ತಲೆ ಹಿಡಿದಳು.

ಎಣ್ಣೆಯ ವಾಸನೆ ಹಿತ್ತಲಿಗೆ ಹೋಯಿತು. ಶಮಶಾದಬಿ ಗೋಡೆ ಹಿಡಿದುಕೊಂಡು ಎದ್ದು ನಿಂತು ಕೂಗಿದಳು. ಎಷ್ಟೋ ತಿಂಗಳಿಂದ ಅಷ್ಟು ದೊಡ್ಡ ದನಿ ಆಕೆಯಿಂದ ಬಂದಿರಲಿಲ್ಲ.

"ಅಕ್ಕಾ, ಮೂಗಿನ್ಯಾಗ ಎಣ್ಣಿ ಬಿಡಬ್ಯಾಡ್ರಿ. ನನ್ನ ತಮ್ಮಗ ಹಿಂಗ ಬಿಟ್ಟಿದ್ರು. ಎಣ್ಣಿ ಎದಿಗೆ ಇಳೀತು, ಕೂಸು ಉಳೀಲಿಲ್ಲ."

"ನೀ ಅಲ್ಲೇ ಕುಂದ್ರು," ಅಂದಳು ಪೀರಬಿ, ತಲೆ ಎತ್ತದೆ. "ಕೂಸಿಗೆ ಕೊಡೂದೆಲ್ಲ ಕೊಟ್ಟೀದಿ."

ಮೋದಿನಸಾಬ ಬಾಗಿಲಲ್ಲಿ ನಿಂತಿದ್ದ. ಒಳಗೆ ಬಂದು ಅಕ್ಕನ ಕೈಯಿಂದ ಸವಟು ತೆಗೆದುಕೊಂಡು, ಎಣ್ಣೆಯನ್ನು ಒಲೆಯ ಬೂದಿಗೆ ಸುರಿದ. ಪೀರಬಿ ಅವನನ್ನೇ ನೋಡಿದಳು. ಎದ್ದು ಹೋಗಿಬಿಡುತ್ತಾಳೆ ಎಂದು ಶೆಟ್ಟೆವ್ವ ಅಂದುಕೊಂಡಳು. ಹೋಗಲಿಲ್ಲ, ಗೋಡೆಗೆ ಒರಗಿ ಕೂತಳು.

ಅವನು ಗೋಡೆಯ ಆಚೆಯಿಂದ ಹೆಂಡತಿ ಹೇಳಿದಂತೆ ಮಾಡತೊಡಗಿದ. ಮೊದಲು ಮುಂದಿನ ಮದುವೆಗಳಿಗೆಂದು ಮನೆಯೊಳಗೆ ಕೂಡಿಟ್ಟಿದ್ದ ಹತ್ತಿಯನ್ನೆಲ್ಲ ಶೆಟ್ಟೆವ್ವನ ಬಂಡಿ ನಿಲ್ಲಿಸುವ ಜಾಗಕ್ಕೆ ಹೊತ್ತು ಹಾಕಿದ. ತೊಲೆಯಿಂದ ಹಿಡಿದು ನೆಲದವರೆಗೆ ಕೂತಿದ್ದ ಅರಳೆಯ ಧೂಳನ್ನು ಹಸಿ ಅರಿವೆಯಿಂದ ಒರೆಸಿದ. ಶೆಟ್ಟೆವ್ವ ಹೊಗೆ ಹಾಕಲೆಂದು ತಂದಿದ್ದ ಅರಿಶಿಣದ ಕೊಂಬನ್ನು ಬೇಡವೆಂದು ತಿರುಗಿ ಕಳಿಸಿದ. ನೀರು ಕುದಿಸಿ, ಚಿಟಿಕೆ ಉಪ್ಪು ಹಾಕಿ, ಉಗುರುಬೆಚ್ಚಗೆ ಆರುವ ತನಕ ಕಾದ. ತಾನೇ ಹಿಂಜಿದ ಒಳ್ಳೆಯ ಅರಳೆಯಲ್ಲಿ ಮೆತ್ತನೆಯ ಬತ್ತಿ ಹೊಸೆದ. ಕೂಸನ್ನು ತೊಡೆಯ ಮೇಲೆ ಮಲಗಿಸಿ, ಆ ಉಪ್ಪುನೀರನ್ನು ಮೂಗಿನ ಒಂದೊಂದು ಹೊಳ್ಳೆಗೆ ಹನಿಹನಿಯಾಗಿ ಬಿಟ್ಟ. ಕೂಸು ಕಿರುಚಿ, ಬೆನ್ನು ಬಿಲ್ಲಿನ ಹಾಗೆ ಬಾಗಿಸಿ, ಅವನ ಹೆಬ್ಬೆರಳು ಕಚ್ಚಿತು. ಅವನು ಕೈ ಹಿಂದೆ ತೆಗೆದುಕೊಂಡ.

"ನನ್ನಿಂದ ಆಗೂದಿಲ್ಲ," ಎಂದು ಹಿತ್ತಲ ಕಡೆ ಮುಖ ಮಾಡಿ ಹೇಳಿದ.

"ಆಗತೈತಿ. ಅಳ್ಳಿ ಬಿಡ್ರಿ. ಅತ್ತರ ಕಟ್ಟಿದ್ದು ಸಡಲತೈತಿ. ಈಗ ಬತ್ತಿಲೆ ತಗೀರಿ, ಒಳಗ ದೂಡಬ್ಯಾಡ್ರಿ."

ಕಟ್ಟಿದ್ದು ಸಡಿಲಾಗಿ ಬಂತು. ಮೂಗು ಬಿಟ್ಟ ಕೂಡಲೇ ಹಾಲು ಕುಡಿಸಲು ಹೇಳಿದಳು. ಕೂಸು ಬಟ್ಟಲು ಬಿಡದೆ ಕುಡಿಯಿತು. ಸುಲಿದ ತುಟಿಯ ಮೇಲೆ ಬೆಣ್ಣೆ ಹಚ್ಚಿದ. ಅಜವಾನ ಹುರಿದು ಗಂಟು ಕಟ್ಟಿ, ತನ್ನ ಕೆನ್ನೆಗೆ ಇಟ್ಟು ಬಿಸಿ ನೋಡಿ, ಅಂಗಾಲಿಗೆ ಒತ್ತಿದ. ಮಲಗಿಸುವಾಗ ಹಾಸಿಗೆಯ ತಲೆಕಡೆ ಕೆಳಗೆ ಕೌದಿ ಮಡಚಿ ಇಟ್ಟು ಎತ್ತರ ಮಾಡಿದ. ಅಷ್ಟಾದರೂ ಅದು ನಿದ್ದೆ ಮಾಡದಿದ್ದಾಗ ಹಿಂಬಾಗಿಲಲ್ಲಿ ಎದೆಗೆ ಒರಗಿಸಿಕೊಂಡು ಕೂತ. ಆಗ ಶಮಶಾದಬಿ ಗೋಡೆಯ ಆಚೆ, ಬೆನ್ನು ಈ ಕಡೆ ಮಾಡಿ ಕೂತು, ಸೆರಗು ಬಾಯಿಗೆ ಅಡ್ಡ ಹಿಡಿದು, ಸಣ್ಣ ದನಿಯಲ್ಲಿ ಏನೇನೋ ಮಾತಾಡುತ್ತಿದ್ದಳು. ಎಮ್ಮೆ ಬಂತು, ಗುಬ್ಬಿ ಬಂತು, ಅಪ್ಪ ಸಂತೆಗೆ ಹೋದ ಎಂಬಂಥ ಮಾತು. ಕೂಸು ಆ ದನಿಗೆ ಕಿವಿಗೊಟ್ಟು ಕಣ್ಣು ಮುಚ್ಚುತ್ತಿತ್ತು. ಕೆಮ್ಮು ಬಂದಾಗ ದನಿ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು.

ಹೀಗೆ ಕೆಲವು ದಿನ ಹೋದ ಮೇಲೆ ಮೂಗು ಸಡಿಲಾಯಿತು, ಜ್ವರ ಇಳಿಯಿತು. ಕೂಸು ಎದ್ದು ಆಡತೊಡಗಿತು. ಪೀರಬಿ ಊರಿಗೆ ಹೋಗದೆ ಉಳಿದಿದ್ದಳು. ನೀರು ಕಾಯಿಸಿ ಕೊಡುತ್ತಿದ್ದಳು, ಅರಿವೆ ಒಗೆಯುತ್ತಿದ್ದಳು.

ಆದರೆ ಆ ದಿನಗಳಲ್ಲಿ ರಹಿಮಾಬಿ ಒಂದು ಸಂಗತಿ ಕಲಿತಿದ್ದಳು. ಆ ದನಿ ಎಲ್ಲಿಂದ ಬರುತ್ತದೆ ಎಂಬುದನ್ನು ಕಲಿತಿದ್ದಳು.

ಒಂದು ಮಧ್ಯಾಹ್ನ ಮೋದಿನಸಾಬ ಬಾವಿಗೆ ಹೋಗಿದ್ದ, ಪೀರಬಿ ರೊಟ್ಟಿ ಬಡಿಯುತ್ತಿದ್ದಳು. ಕೂಸು ಹಿಂಬಾಗಿಲು ದಾಟಿ, ಗೋಡೆ ಹಿಡಿದುಕೊಂಡು, ಅದು ಕುಸಿದಿದ್ದ ಮೂಲೆಯಿಂದ ಆಚೆ ಹೋಯಿತು. ಶಮಶಾದಬಿ ಬಿಸಿಲಿಗೆ ಮಲಗಿದ್ದಳು. ಸೆರಗು ಯಾರೋ ಎಳೆದಂತಾಗಿ ಕಣ್ಣು ಬಿಟ್ಟಳು. ಮಗಳು ಮೂಗು ಸೋರಿಸಿಕೊಂಡು ಎದುರಿಗೆ ನಿಂತಿದ್ದಳು. "ಅವ್ವಾ" ಎಂದು ಮಡಿಲಿಗೆ ಮುಖ ಒತ್ತಿದಳು. ಶಮಶಾದಬಿಯ ಕೈ ತಾನಾಗಿ ಎದ್ದಿತು. ಆ ತಲೆಯ ಮೇಲೆ ಒಂದು ಗಳಿಗೆ ನಿಂತಿತು. ಅಷ್ಟರಲ್ಲಿ ಎದೆಯಿಂದ ಕೆಮ್ಮು ಏಳತೊಡಗಿತು. ಆಕೆ ಸೆರಗು ಜಗ್ಗಿಕೊಂಡು ಹಿಂದೆ ಸರಿದಳು. ಕೂಸು ನಗುತ್ತ ಮತ್ತೆ ಹತ್ತಿರ ಬಂತು. ಆಟವೆಂದು ತಿಳಿದಿತ್ತು. ಶಮಶಾದಬಿ ನಾಯಿಯನ್ನು ಅಟ್ಟುವಾಗ ಮಾಡುವ ಸದ್ದು ಮಾಡಿದಳು. ಅದೂ ಸಾಲದೆ ಒಂದು ಮಣ್ಣಿನ ಹೆಂಟೆ ತೆಗೆದುಕೊಂಡು ಅದರ ಕಾಲ ಮುಂದೆ ಒಗೆದಳು.

ಕೂಸು ತಟ್ಟನೆ ಕೂತುಬಿಟ್ಟಿತು. ಬಾಯಿ ತೆರೆದಿತ್ತು, ಬಹಳ ಹೊತ್ತು ದನಿ ಹೊರಡಲಿಲ್ಲ. ಆಮೇಲೆ ಹೊರಟಿತು. ಕೈಗೆಲ್ಲ ಹಿಟ್ಟು ಮೆತ್ತಿಕೊಂಡಿದ್ದ ಪೀರಬಿ ಗೋಡೆಯ ಹತ್ತಿರ ಬಂದು ನಿಂತಿದ್ದಳು. ಎಲ್ಲವನ್ನೂ ನೋಡಿದ್ದಳು. ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ಅವತ್ತಿನಿಂದ ಹಿತ್ತಲಿನ ದನಿ ಕೇಳಿದರೆ ರಹಿಮಾಬಿ ಪೀರಬಿಯ ಕುತ್ತಿಗೆ ತಬ್ಬಿಕೊಳ್ಳುತ್ತಿದ್ದಳು.

ಶಮಶಾದಬಿ ನಾದಿನಿಯನ್ನು ಗೋಡೆಯ ಹತ್ತಿರ ಕರೆದಳು.

"ಅಕ್ಕಾ, ಅಕಿನ್ನ ಮಸೂತಿಗೆ ಕರಕೊಂಡು ಹೋಗ್ರಿ. ಈಗ ಅಂಜ್ಯಾಳು, ನಾಕ ದಿನಕ್ಕ ಮರತು ಮತ್ತ ಬರತಾಳು. ನಾ ಎಷ್ಟು ಸಲ ನಾಯಿ ಅಟ್ಟಿದಂಗ ಅಟ್ಟಲಿ?"

ಕೂಸನ್ನು ಒಯ್ಯಲೆಂದೇ ಬಂದಿದ್ದ ಪೀರಬಿ ಗೋಡೆಯ ಮೇಲೆ ಕೈ ಊರಿ ನಿಂತಳು. "ಅವತ್ತ ನಾ ಅಂದದ್ದು ಮನಸಿಗೆ ಹಚಗೋಬ್ಯಾಡ ಶಮಶಾದ," ಅಂದಳು. ಶಮಶಾದಬಿ ಕೂಸಿಗೆ ಮೊಸರು ಸಂಜೆ ಕೊಡಬೇಡಿ, ಅದು ಬಲಮಗ್ಗುಲಿಗೆ ಮಲಗಿದರೆ ಬೇಗ ನಿದ್ದೆ ಮಾಡುತ್ತದೆ ಎಂದು ಹೇಳಿದಳು.

ಮರುದಿನ ಬಿಸಿಲೇರಿದ ಮೇಲೆ ಪೀರಬಿ ಕೂಸನ್ನು ಕರೆದುಕೊಂಡು ಹೋದಳು. ಮೋದಿನಸಾಬ ಊರ ಹೊರಗಿನ ತನಕ ಹೋಗಿ ಬಿಟ್ಟು ಬಂದ. ಶಮಶಾದಬಿ ಕೊಟ್ಟಿಗೆಯಿಂದ ಹೊರಗೆ ಬರಲಿಲ್ಲ.

ಬೇಸಿಗೆಯಲ್ಲಿ ಆಕೆ ತೀರಿಕೊಂಡಳು. ಕೊನೆಯ ತಿಂಗಳು ಎದ್ದು ಕೂರುವ ಶಕ್ತಿ ಇರಲಿಲ್ಲ. ಮಗಳನ್ನು ದೂರದಿಂದ ತೋರಿಸಲೇ ಎಂದು ಗಂಡ ಕೇಳಿದಾಗ ಬೇಡವೆಂದು ಕೈ ಆಡಿಸಿದಳು. ಹೂಳುವ ಮೊದಲು ಮಯ್ಯತ್ತಿನ ಮೈ ತೊಳೆಯಲು ಓಣಿಯ ಹೆಂಗಸರು ಮುಂದೆ ಬರಲಿಲ್ಲ. ಬ್ಯಾನಿಗೆ ಅಂಜಿ ಬಾಗಿಲಲ್ಲೇ ನಿಂತರು. ಮಸೂತಿಯಿಂದ ಬಂದ ಪೀರಬಿ ಯಾರಿಗೂ ಕಾಯದೆ ಪರದೆ ಕಟ್ಟಿಸಿದಳು. ಶೆಟ್ಟೆವ್ವ ಬಾವಿಯಿಂದ ನೀರು ಹೊತ್ತು ತಂದುಕೊಟ್ಟಳು. ಪೀರಬಿ ಒಬ್ಬಳೇ ತೊಳೆದು, ಕಫನ್ನಿನ ಬಿಳಿ ಅರಿವೆ ಉಡಿಸಿದಳು. ಎಲುಬಿಗೆ ಎಲುಬು ತಾಕುತ್ತಿದ್ದ ಆ ಮೈಯನ್ನು ಕೂಸಿಗೆ ಎರೆದಂತೆ ಮೆಲ್ಲಗೆ ಎರೆದಳು ಎಂದು ಶೆಟ್ಟೆವ್ವ ಆಮೇಲೆ ಹೇಳಿದಳು.

ನಲವತ್ತನೆಯ ದಿನದ ಫಾತಿಹಾ ಓದಿಸಿ ಮುಗಿಸಿ ಮೋದಿನಸಾಬ ಮಗಳನ್ನು ಕರೆತರಲು ಮಸೂತಿಗೆ ಹೋದ. ಅಂಗಳದಲ್ಲಿ ಆಡುತ್ತಿದ್ದ ರಹಿಮಾಬಿ ಅವನನ್ನು ಕಂಡು ಪೀರಬಿಯ ಬೆನ್ನ ಹಿಂದೆ ಹೋಗಿ ನಿಂತಳು. ಮೈ ತುಂಬಿಕೊಂಡಿತ್ತು, ಕೆಮ್ಮಿರಲಿಲ್ಲ. ತಾಯಿಯ ಬ್ಯಾನಿ ಅವಳಿಗೆ ಆಗಲೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಅವನು ಕೈ ಚಾಚಿದ. ಅವಳು ಪೀರಬಿಯ ಸೀರೆ ಹಿಡಿದು "ಅವ್ವಾ" ಅಂದಳು. ಪೀರಬಿ ನಾಚಿಕೊಂಡವಳಂತೆ, ಹೀಗೆ ಕರೆಯಬೇಡ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ ಅಂದಳು.

"ಕರೀಲಿ ಬಿಡಕ್ಕಾ," ಅಂದ ಮೋದಿನಸಾಬ.

ಊಟ ಮಾಡಿ ಹೋಗೆಂದರೂ ನಿಲ್ಲಲಿಲ್ಲ. ಬಸವನ ಬಾಗೇವಾಡಿಯ ಒಂದು ಮದುವೆಮನೆಯಲ್ಲಿ ಗಾದಿ ತುಂಬುವುದಿತ್ತು. ಬಿಲ್ಲು ಹೆಗಲಿಗೇರಿಸಿಕೊಂಡು ಒಬ್ಬನೇ ಆ ದಾರಿ ಹಿಡಿದ.